ಎಡಗಾಲಿಯ ಲಿಂಬೆಹಣ್ಣು

ರೋಣದ ಗ್ಯಾರೇಜೊಂದರಲ್ಲಿ ಬೈಕಿನ ಪಂಕ್ಚರ್ ತೆಗೆಸಲು ಸ್ಟೂಲಿನ ಮೇಲೆ ಕುಳಿತಿದ್ದೆ. ಮಿಸ್ತ್ರಿ ಯೂಸುಫ ಒಂದು ಬಿಳಿ ಕಾರಿನ ಕೆಳಗೆ ಮಲಗಿದ್ದ. ಕಾರಿನ ಯಜಮಾನರು ಶ್ರೀಕೃಷ್ಣ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಹೇಳುತ್ತಿದ್ದರು.

"ಅರವತ್ತ ದಾಟಿದ್ರ ಗಡಗಡ ನಡಗತೈತಿ. ಸ್ಟೇರಿಂಗ್ ಸಡ್ಲ ಬಿಟ್ರ ಎಡಕ್ಕ ಎಳೀತೈತಿ."

"ಟೈರ್ ಅದಲಬದಲ ಮಾಡಿ ನೋಡಿದ್ನಿ, ಅಣ್ಣಾರ. ಆದ್ರೂ ಎಳೀತೈತಿ. ತಗೊಳ್ಳೋ ಮುಂದ ಯಾರಿಗರೆ ತೋರಿಸಿದ್ರೇನ?"

"ಅಕ್ಕನ ಮನಿ ಗಾಡಿ ನೋಡಾಕ ಮಿಸ್ತ್ರೀನ ಕರಕೊಂಡ ಹೋದ್ರ, ಆಕಿ ಮತ್ತ ಹೊಸ್ತಿಲಾ ತುಳೀಗೊಡತಾಳೇನೋ? ಮಗಳು ಅನಘಾ ಹಡ್ಯಾಕ ಬಂದಾಳ, ದವಾಖಾನಿಗೆ ಹೋಗಾಕ ಗಾಡಿ ಬೇಕಂದೆ. 'ಎಲ್ಲೂ ತಾಗಿಲ್ಲೋ ತಮ್ಮಾ' ಅಂದ್ಲು. ರೊಕ್ಕ ಎಣಿಸಿಕೊಂಡು, ತಾನ ಗಾಲಿ ಕೆಳಗ ಲಿಂಬಿಹಣ್ಣ ಇಟ್ಟ ಕಳಿಸಿದ್ಲು."

ಯೂಸುಫ ಹೊರಗೆ ಬಂದು ಕೈ ಒರೆಸಿಕೊಂಡ.

"ಮುಂದಿನ ಚಾಸಿ ಬಾಗೈತ್ರಿ. ವೆಲ್ಡಿಂಗ್ ಮಾಡ್ಯಾರ."

"ಯಾವ ಪುಣ್ಯಾತ್ಮ ಮಾಡ್ಯಾನ?"

"ನಾನ ರೀ. ಆಗ ಗಾಡಿ ಕೆಂಪಿತ್ತು. ಬಣ್ಣ ಬದಲಿಸ್ಯಾರ, ಗುರ್ತ ಹತ್ತಲಿಲ್ಲ. ನರೇಗಲ್ ಹಾದ್ಯಾಗ ಮೋರಿಗೆ ಬಡದಿತ್ತು. ಊರಾಗಷ್ಟ ಓಡಸ್ರಿ, ದೂರ ಒಯ್ಯಬ್ಯಾಡ್ರಿ ಅಂತ ಬಿಡಿಸಿ ಹೇಳಿದ್ನಿ."

"ನಮ್ಮ ಮಾಮಾಗ ಹೇಳಿರಬೇಕು. ಅಕ್ಕಗ ಗೊತ್ತಿರಲಿಕ್ಕಿಲ್ಲ ಬಿಡು."

"ಅಕ್ಕಾರೂ ಬಂದಿದ್ರಿ. ಈ ಅಜ್ಜಾರ ಕುಂತಾರಲ್ಲ, ಇದ ಸ್ಟೂಲಿನ ಮ್ಯಾಲ ಕುಂತ ಎಲ್ಲಾ ಕೇಳಿಸ್ಕೊಂಡ್ರು."

ನಾನು ಎದ್ದು ನಿಂತೆ. ಶ್ರೀಕೃಷ್ಣ ಆ ಸ್ಟೂಲನ್ನೇ ನೋಡಿದರು.

"ಅದಕ್ಕ ಯೂಸುಫಾ, ಎಲ್ಲಾ ಗಾಲಿಗೂ ಒಂದೊಂದ ಇಟ್ಲು, ಮುಂದಿನ ಎಡಗಾಲಿಗೆ ಅಷ್ಟ ಎರಡ ಇಟ್ಲು."

ಕಾರಿನ ಚಾವಿಯನ್ನು ಸ್ಟೂಲಿನ ಮೇಲಿಟ್ಟು ಬಸ್‌ಸ್ಟ್ಯಾಂಡಿನ ಕಡೆಗೆ ನಡೆದುಹೋದರು.