ತುದಿ ಹೊಲದ ಲೆಕ್ಕ

…ಲೆಕ್ಕ ಅಂತ ಲೆಕ್ಕ. ಕೂಡು ಮೊದಲು. ಲಿಂಗಸುಗೂರಿನಿಂದ ಬಸ್ಸಿನ್ಯಾಗ ನಿಂತು ಬಂದೀದಿ. ಉಂಡು ಮಾತಾಡು, ನಿಮ್ಮ ದೊಡ್ಡವ್ವ ಬಡಸ್ತಾಳ. ಮುದುಕಮ್ಮ, ತಮ್ಮನ ಮಗಳು ಬಂದಾಳ. ತಾಟು ಹಚ್ಚು.

ಏನಂದಿ? ವಕೀಲ ಹೇಳ್ಯಾನ? ಹೊಲ ನೋಡಿಕೊಳ್ಳಾಂವ ವರ್ಷಾ ವರ್ಷಾ ಲೆಕ್ಕ ತೋರಿಸಬೇಕಂತ? ಅಂವ ಯಾವತ್ತರ ಕೆಸರಿನ್ಯಾಗ ಕಾಲಿಟ್ಟಾನೇನು?

ಗೊತ್ತೈತಿ, ಗೊತ್ತೈತಿ. ನಿಮ್ಮಪ್ಪ ದ್ಯಾವಪ್ಪ ಸಾಯೂ ಮುಂದ ಬರೆಸ್ಯಾನ. ಹೊಲ ಮಗಳು ಗಂಗಾದೇವಿದು. ದೊಡ್ಡಪ್ಪ ನೋಡಿಕೊಳ್ಳಲಿ, ಬಂದದ್ದು ಆಕಿಗೆ ಕೊಡಲಿ, ಲೆಕ್ಕ ತೋರಿಸಲಿ. ಇಲ್ಲಂದ್ರ ಹೊಲ ಬಿಡಲಿ. ನಾನೂ ಹೆಬ್ಬಟ್ಟು ಒತ್ತೀನಿ. ಬಂದ್ರಲ್ಲಾ ಕೊಡೂದು?

ಕಾಲುವಿ ತುದಿ ಹೊಲ ಅದು. ಮ್ಯಾಲಿನವರು ಕುಡಿದು ಬಾಯಿ ಒರಸಿಕೊಂಡ ಮ್ಯಾಲ ನಮಗ ನೀರು. ಎರಡು ವರ್ಷ ಆತು, ಹನಿ ಮುಟ್ಟಿಲ್ಲ. ನೆಲ್ಲಿನ ಹೊಲ ಬೀಳು ಬಿದ್ದೈತಿ. ಏನು ಲೆಕ್ಕ ಕೊಡ್ಲಿ? ಕರಿಕಿ ಹುಲ್ಲು ಎಣಿಸಿ ಕೊಡ್ಲೇನು?

ಯಾಕ ನಗತಿ?

ನನ್ನ ಹೊಲ? ಅದು ದಿಬ್ಬದ ಮ್ಯಾಲ ಐತಿ. ಹತ್ತಿ ಬಿಟ್ಟು ಏನೂ ಬೆಳಿಯಾಂಗಿಲ್ಲ. ನಾ ಏನು ನೆಲ್ಲು ಕೊಯ್ದು ಮೆರಿತೀನಿ ಅಂದ್ಕೊಂಡಿಯೇನು?

ಉಣ್ಣು. ತಾಟು ಮುಂದ ಇಟಗೊಂಡು ಲೆಕ್ಕ ಕೇಳೂದು ನಿಮ್ಮ ಅತ್ತಿ ಮನ್ಯಾಗ ಕಲಿಸ್ಯಾರೇನು?

ಥೂ. ಮುದುಕಮ್ಮ, ಅನ್ನ ಮುದ್ದಿ ಆಗೈತಿ. ಎಷ್ಟು ಸಲ ಹೇಳ್ಲಿ, ಹೊಸ ಅಕ್ಕಿಗೆ ನೀರು ಕಡಿಮಿ ಇಡು ಅಂತ. ಮೊನ್ನೆ ಒಕ್ಕಿದ ನೆಲ್ಲು, ಹಳೆ ಅಕ್ಕಿಯಂಗ ಬೇಯ್ತೈತೇನು?

ಏನು? ಯಾಕ ಕೈ ತಡದಿ?

ಅಂಗಡ್ಯಾಗಿಂದು. ತುರ್ವಿಹಾಳದ ಅಂಗಡಿ… ಅಲ್ಲ, ರೇಷನ್ನಿಂದು. ಅಕ್ಕಿ ಅಂದ್ರ ಅಕ್ಕಿ. ಅದರ ಜಾತಕ ಕೇಳ್ತಾರೇನು?

ಆ ಮೂಲಿ ಯಾಕ ನೋಡ್ತಿ? ಹತ್ತಿ ತುಂಬಿದ ಚೀಲ ಅವು.

ಮುದುಕಮ್ಮ, ಆ ಕೋಳಿ ಓಡಸು. ಚೀಲ ಕುಕ್ಕಾಕತ್ತೈತಿ… ಓಡಸು ಅಂದ್ನಲ್ಲ. ನೀ ಯಾಕ ಮಾರಿ ಆ ಕಡಿ ಮಾಡಿ ನಿಂತಿ?

ಗಂಗಾ.

ಬಂದಾಗಿಂದ ಲೆಕ್ಕ, ಲೆಕ್ಕ ಅಂತಿದ್ದಿ. ಈಗ ಕೇಳು. ಬಾಯಿ ಬಿಡು.

ಬೈಯೂದಿದ್ರ ಬೈ.

…ತಾಟು ಯಾಕ ನನ್ನ ಕಡಿ ಸರಸಾಕತ್ತಿ?