ಹೋದ ತಿಂಗಳಷ್ಟೇ

ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ. ಆರ್ಡರ್ ಹೋದ ತಿಂಗಳಷ್ಟೇ ಅಂತ ಬರ್ಕೊಳ್ಳಮ್ಮ ತನ್ಮಯಿ... ಯಾಕೆ ಹಾಗೆ ನೋಡ್ತೀಯ? ಆರು ವರ್ಷದಿಂದ ಪ್ರತೀ ತಿಂಗಳೂ ಇದೇ ಸರ್ವೆ, ಇದೇ ಪ್ರಶ್ನೆ. ನಾನು ಹೇಳ್ದಂಗೆ ಬರ್ಕೊಂಡು ಹೋಗ್ತೀಯ. ಇವತ್ತೇನು ಹೊಸದು?

ಕೂತ್ಕೋ. ಟಿನ್ ಫ್ಯಾಕ್ಟರಿ ಸ್ಟಾಪಿಂದ ಬಸ್ಸಲ್ಲಿ ನಿಂತ್ಕೊಂಡೇ ಬಂದ್ಯಾ? ಮುಖ ಬಾಡಿದೆ. ನನಗೂ ಸುಸ್ತು ಕಣೆ, ಎಷ್ಟು ಮಲಗಿದ್ರೂ ಹೋಗಲ್ಲ.

ಮೊದಲನೇ ಸಲ ನೀನು ಬಂದಾಗ ಬೈದು ಕಳಿಸೋದ್ರಲ್ಲಿದ್ದೆ! ಗರುಡಾಚಾರ್‌ಪಾಳ್ಯದ ಮೂಲೇಲಿ ರಟ್ಟಿನ ಪೆಟ್ಟಿಗೆ ಮಾಡೋಳನ್ನ ಬಂದು ದೇಶದ ವ್ಯಾಪಾರ ಕೇಳ್ತಾಳಲ್ಲಾ ಅಂತ. ಆಗ ನೀನೇ ಅಂದೆ, ಅಂಗಡಿಗೆ ಮಾಲು ಹೋಗೋ ಮುಂಚೆ ಪೆಟ್ಟಿಗೆ ಬೇಕಲ್ಲಾ ಹಂಸಕ್ಕ, ಏಳೋದೂ ಬೀಳೋದೂ ನಿಮಗೇ ಮೊದಲು ಗೊತ್ತಾಗೋದು ಅಂತ. ನಿಜಾನೇ. ಲಾಕ್‌ಡೌನಲ್ಲಿ ಪೂರ್ತಿ ಬಿತ್ತು, ನೀನು ಫೋನಲ್ಲೇ ಕೇಳ್ದೆ. ಆಮೇಲೆ ಮನೆಮನೆಗೂ ಪಾರ್ಸೆಲ್ಲು... ಮೂರು ಶಿಫ್ಟು ಓಡಿಸಿದ್ವಿ! ಮತ್ತೆ ಇಳೀತು. ನೀನು ಗ್ರಾಫ್ ತೋರಿಸಿ, "ಇಳಿದಿದ್ದು ಏರುತ್ತೆ, ಸ್ವಲ್ಪ ತಡ್ಕೊಳ್ಳಿ" ಅಂದೆ. ತಡ್ಕೊಂಡೆ... ಈಗ ಏರ್ತಾ ಇದೆ ಅಲ್ವಾ? ಹೂಂ, ಪೇಪರಲ್ಲಿ ನೋಡ್ದೆ.

ಒಳಗಾ? ಬೇಡ, ಬೇಡ. ಕರೆಂಟ್ ಹೋಗಿದೆ, ಅದಕ್ಕೇ ಮೆಷಿನ್ ಸದ್ದಿಲ್ಲ... ಯಾಕೆ ಮೇಲೆ ನೋಡ್ತಿದ್ದೀಯ?

ಓ... ಫ್ಯಾನು ತಿರುಗ್ತಾ ಇದೆ.

ಬೈಯೋದಾದ್ರೆ ಬೈ.

ಸರಿ. ಮೆಷಿನ್ ಮಾರ್ಬಿಟ್ಟೆ. ಏರಿಕೆ ಬಂತು, ನನ್ನ ಬಾಗಿಲಿಗೆ ಬರಲಿಲ್ಲ. ಅಷ್ಟರಲ್ಲಿ ಗಿರಾಕಿಗಳೆಲ್ಲ ಹೊಸಕೋಟೆ ಕಡೆ ದೊಡ್ಡ ಪ್ಲಾಂಟ್ ಹಿಡ್ಕೊಂಡಿದ್ರು. ಲಾರಿಗೆ ಏರಿಸೋವಾಗ ನಾನು ಇಲ್ಲೇ, ಗೋಡೆ ಕಡೆ ಮುಖ ಮಾಡಿ ಕೂತಿದ್ದೆ. ಅಂಟು ಹಚ್ತಿದ್ದಳಲ್ಲ ಉಮ್ಮೆ ಕುಲ್ಸುಂ, ಅವಳು ಆ ಜಾಗ ಗುಡಿಸ್ತಾ ನಿಂತ್ಲು. ಇನ್ಯಾಕೆ ಗುಡಿಸ್ತೀಯ ಅಂದೆ. "ಇಷ್ಟು ವರ್ಷ ಮೆಷಿನ್ ಅಡಿ ಗುಡಿಸೋಕ್ಕೇ ಆಗಿರಲಿಲ್ಲ ಅಕ್ಕಾ" ಅಂದ್ಲು.

ಹೋದ ತಿಂಗಳು ನೀನು ಬರೋ ಹೊತ್ತಿಗೇ ಮೆಷಿನ್ ಹೋಗಾಗಿತ್ತು. ಆಗ ಬರೆಸಿದ್ದನ್ನೂ ತಿದ್ದಿಬಿಡು, ನಿನ್ನ ಗ್ರಾಫ್ ಕೆಡೋದು ಬೇಡ.

ಸುಳ್ಳು ಯಾಕೆ ಹೇಳ್ದೆ ಅಂತಾನಾ? ಮುಚ್ಚಿದೋರನ್ನ ಪಟ್ಟಿಯಿಂದ ತೆಗೀತಾರೆ ಅಂತ ನೀನೇ ಒಂದ್ಸಲ ಹೇಳಿದ್ದೆ. ಹಂಸಕ್ಕ, ಕೆಲಸ ಹೇಗೆ ನಡೀತಿದೆ ಅಂತ ಕೇಳೋಳು ನೀನೊಬ್ಳೇ ಕಣೆ... ಬರಿ. ಮುಚ್ಚಿದೆ ಅಂತಾನೇ ಬರಿ. ಆಮೇಲೆ ಈ ಬೀದಿಗೆ ನಿನಗೇನೂ ಕೆಲಸ ಇರಲ್ಲ, ಅಲ್ವಾ?

...ಅಲ್ವಾ ತನ್ಮಯಿ?