ಹೊರಟ ಗಾಡಿಯ ಹಿಂದೆ ಸುರಿದ ನೀರು

ನನ್ನ ಹೆಸರು ನುರ್ಜಿಹಾನ್ ಎರ್ದೆಮ್. ವಯಸ್ಸು 48. ಪ್ರೌಢಶಾಲೆಯಲ್ಲಿ ಸಾಹಿತ್ಯದ ಅಧ್ಯಾಪಕಿ. ವಾಸ: ಕೆಂಪು ಬುಗ್ಗೆಯ ಮೇಲಿನ ಬೀದಿ, ಕರಹಾಯಿತ್, ದೆನಿಜ್ಲಿ ಪ್ರಾಂತ್ಯ. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ತಮ್ಮ ಸೆರ್ವೆತ್ ಪ್ರವಾಸಿಗರ ವ್ಯಾನ್ ಓಡಿಸುತ್ತಾನೆ. ನಮ್ಮೂರಿನ ಕೆಂಪು ಬಿಸಿನೀರಿನ ಬುಗ್ಗೆಯಿಂದ ಹೊರಟು, ಪಾಮುಕ್ಕಲೆಯ ಬಿಳಿ ಸುಣ್ಣದ ಮೆಟ್ಟಿಲುಕೊಳಗಳನ್ನು ಸುತ್ತಿಸಿ, ಮಧ್ಯಾಹ್ನದ ಊಟಕ್ಕೆ ಮರಳುತ್ತಾನೆ. ದಾರಿ ಹಿಡಿದವರ ಹಿಂದೆ ಒಂದು ಚೊಂಬು ನೀರು ಸುರಿಯುವುದು ನಮ್ಮಲ್ಲಿ ವಾಡಿಕೆ. ನೀರಿನಂತೆ ಸರಾಗವಾಗಿ ಹೋಗಲಿ, ನೀರಿನಂತೆ ಮರಳಲಿ ಎಂದು. ಅಮ್ಮ ನಲವತ್ತು ವರ್ಷ ಅಪ್ಪನ ಲಾರಿಯ ಹಿಂದೆ ಸುರಿದವಳು. ಅವಳ ಮಂಡಿ ಸೋತ ಮೇಲೆ ತಮ್ಮನಿಗೆ ನಾನು ಸುರಿಯುತ್ತೇನೆ.

ಈ ತಿಂಗಳ 13ರ ಸಂಜೆ ಊಟಕ್ಕೆ ಕೂತಿದ್ದಾಗ ನಾನು ಅವನ ಪ್ರವಾಸಿಗರ ಎದುರಿಗೇ, ಓದಿದ್ದರೆ ಈ ಸ್ಟೇರಿಂಗ್ ಹಿಡಿಯಬೇಕಿರಲಿಲ್ಲ ಎಂದೆ. ಅದಕ್ಕವನು, "ನೀನು ಪದ್ಯ ಓದ್ಕೊಂಡಿರಕ್ಕಾ, ನಾನು ಜನರನ್ನ ಸುತ್ತಾಡಿಸ್ತೀನಿ. ಇಬ್ರದ್ದೂ ಹೊಟ್ಟೆಪಾಡೇ," ಎಂದು ಊಟ ಬಿಟ್ಟು ಎದ್ದ. ನಾನು ತಡೆಯಲಿಲ್ಲ.

14ರ ಬೆಳಿಗ್ಗೆ 8.10ಕ್ಕೆ ಅವನು ಹೊರಟಾಗ ನಲ್ಲಿಯ ನೀರು ಹೆಪ್ಪುಗಟ್ಟಿತ್ತು. ಬುಗ್ಗೆಯ ಕಾಲುವೆಯಿಂದ ಬಿಸಿನೀರು ಮೊಗೆದೆ. ಚೊಂಬಿನಲ್ಲಲ್ಲ, ಬಕೆಟ್‌ನಲ್ಲಿ. ಇಳಿಜಾರಿನ ಕಲ್ಲುಹಾಸಿನ ಮೇಲೆ ಪೂರ್ತಿ ಸುರಿದೆ. ಅವನು ಕಿಟಕಿಯಿಂದ ತಲೆ ಹೊರಹಾಕಿ, "ಅಕ್ಕಾ, ನಾನೇನು ಹಜ್‌ಗೆ ಹೊರಟಿದೀನಾ? ಐದು ಕಿಲೋಮೀಟರಿಗೆ ಒಂದು ಬಕೆಟ್ಟಾ!" ಎಂದು ಕೂಗಿದ. ಒಳಗಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಜಗಳ ಮುಗಿಯಿತು ಎಂದುಕೊಂಡೆ.

ಬುರ್ಸಾದಿಂದ ಬಂದಿದ್ದ ಮುಬೆಜ್ಜೆಲ್ ಎಂಬ ವೃದ್ಧೆ ರಕ್ತದೊತ್ತಡದ ಮಾತ್ರೆಗಳನ್ನು ನಮ್ಮ ಮನೆಗಿಂತ ಮೇಲಿರುವ ಅತಿಥಿಗೃಹದಲ್ಲಿ ಮರೆತಿದ್ದರು. ಸೆರ್ವೆತ್ ಹಿಂದಿನ ದಾರಿಯಿಂದ ಸುತ್ತಿ ಬಂದು, ಮಾತ್ರೆ ತೆಗೆದುಕೊಂಡು, 8.40ಕ್ಕೆ ಮತ್ತೆ ನಮ್ಮ ಇಳಿಜಾರಿನಲ್ಲಿ ಇಳಿದ. ನಾನು ಕಿಟಕಿಯಲ್ಲಿದ್ದೆ. ವ್ಯಾನ್ ಮನುಷ್ಯ ನಡೆಯುವಷ್ಟೇ ವೇಗದಲ್ಲಿತ್ತು. ನಾನು ನೀರು ಸುರಿದ ಜಾಗ ಹೆಪ್ಪುಗಟ್ಟಿ ಗಾಜಿನಂತೆ ಹೊಳೆಯುವುದನ್ನು ಕಂಡೆ. ಕೂಗುವಷ್ಟರಲ್ಲಿ ವ್ಯಾನ್ ಅಡ್ಡಡ್ಡ ಜಾರಿ, ಸುಮಾರು ಆರು ಮೀಟರ್ ಆಚೆ, ಕಾಲುವೆಯ ಗೋಡೆಗೆ ಬಡಿಯಿತು. ಮುಬೆಜ್ಜೆಲ್ ಅವರ ತೊಡೆಯ ಮೂಳೆ ಮುರಿಯಿತು. ಮಾತ್ರೆಯ ಡಬ್ಬಿ ಅವರ ಕೈಯಲ್ಲೇ ಇತ್ತು.

ಈ ಠಾಣೆಯ ಸಿಬ್ಬಂದಿ ಬಂದಾಗ 9.45. ಅಷ್ಟರಲ್ಲಿ ಬೀದಿಗೆ ಬಿಸಿಲು ಬಿದ್ದು, ಹೆಪ್ಪುಗಟ್ಟಿದ್ದು ಕರಗಿ, ಕಲ್ಲು ಬರೀ ಒದ್ದೆಯಾಗಿತ್ತು. ಬುಗ್ಗೆಯ ನೀರು ಹರಿಯುವ ನಮ್ಮೂರಿನಲ್ಲಿ ಒದ್ದೆ ಕಲ್ಲನ್ನು ಯಾರೂ ಬಗ್ಗಿ ನೋಡುವುದಿಲ್ಲ. ಅವಸರದಲ್ಲಿ ಜೋರಾಗಿ ಓಡಿಸಿದೆ ಎಂದು ಸೆರ್ವೆತ್ ಹೇಳಿದ. ಅದು ಸುಳ್ಳು. ಅವನ ಲೈಸೆನ್ಸ್ ತೆಗೆದುಕೊಂಡು ಹೋದರು. ನಾನು ಅವನ ಪಕ್ಕದಲ್ಲೇ ನಿಂತಿದ್ದೆ.

ಅಂದು ಸಂಜೆ ಅವನು ನನಗೆ, "ಸುಮ್ನಿರಕ್ಕಾ. ನಾವು ಸುರಿದ ನೀರೇ ಹೀಗೆ ಮಾಡ್ತು ಅಂತ ಅಮ್ಮಂಗೆ ಗೊತ್ತಾಗ್ಬಾರ್ದು. ಅವಳ ಜೀವನಾನೇ ಅದು," ಎಂದ. ಎರಡು ದಿನ ಸುಮ್ಮನಿದ್ದೆ. ಸುಮ್ಮನಿರುವುದು ಕಷ್ಟವಾಗಲಿಲ್ಲ. ಅದನ್ನೂ ಬರೆದುಕೊಳ್ಳಬೇಕೆಂದು ಕೋರುತ್ತೇನೆ. ಇನ್ನು ಅವನ ಲೈಸೆನ್ಸ್ ರದ್ದಾಗುವುದೆಂದು ನಿನ್ನೆ ತಿಳಿಯಿತು.

ಚೊಂಬಿನ ಬದಲು ಬಕೆಟ್ ಏಕೆ ಎಂದು ತಾವು ಕೇಳಿದ್ದೀರಿ. ವಾಡಿಕೆಗೆ ಒಂದು ಚೊಂಬು ಸಾಕಿತ್ತು. ಉಳಿದದ್ದು, ತಪ್ಪಾಯಿತು ಎಂದು ನಾನು ಬಾಯಿಬಿಟ್ಟು ಹೇಳದೆ ಸುರಿದದ್ದು.

ಇಂದು ಇಲ್ಲಿಗೆ ಹೊರಟಾಗ ಅಮ್ಮ ಗೋಡೆ ಹಿಡಿದುಕೊಂಡು ಚೊಂಬಿನೊಂದಿಗೆ ಬಾಗಿಲಿಗೆ ಬಂದಳು. ಬೇಡವೆಂದೆ. "ನೀರಿಲ್ದೆ ಹೋದ್ರೆ ವಾಪಸ್ ಹೇಗೆ ಬರ್ತೀಯೇ?" ಎಂದಳು. ಚೊಂಬು ಇಸಿದುಕೊಂಡು ದ್ರಾಕ್ಷಿ ಬಳ್ಳಿಯ ಬುಡಕ್ಕೆ ಸುರಿದು ಬಂದೆ. ಎಲ್ಲಿಗೆ ಹೊರಟೆ ಎಂದು ಅವಳಿಗೆ ಹೇಳಿಲ್ಲ. ಇಲ್ಲಿಂದ ಹೋಗಿ ಹೇಳಬೇಕು.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ಒಂದು ಕಡೆ "ಚಾಲಕನ ಅಜಾಗರೂಕತೆ" ಎಂದಿದ್ದುದನ್ನು ಹೊಡೆದು ಹಾಕಿಸಿದ್ದೇನೆ. ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಸ್ಥಳ: ಕರಹಾಯಿತ್
ದಿನಾಂಕ: 16-01-2025
(ಸಹಿ) ನುರ್ಜಿಹಾನ್ ಎರ್ದೆಮ್